ಹವಸ್ ಮತ್ತು ಹಸದ್

ಉಜ್ಬೆಕ್ ನಾಡಿನ ಮರ್ಗಿಲಾನ್ ಊರಿನ ಆ ಓಣಿಯಲ್ಲಿ ಇಂಗ್ಲಿಷ್ ಅಂದರೆ ಜುಲ್ಹುಮೋರ್, ಜುಲ್ಹುಮೋರ್ ಅಂದರೆ ಇಂಗ್ಲಿಷ್. ಎಷ್ಟೋ ವರ್ಷದಿಂದ ಹಾಗೇ ನಡೆದುಕೊಂಡು ಬಂದಿತ್ತು. ಬೆಳಿಗ್ಗೆ ಓಣಿಯ ಶಾಲೆಯಲ್ಲಿ ಪಾಠ, ಸಂಜೆ ಮನೆಯಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಮತ್ತೆ ಪಾಠ. ಅವಳ ಬಳಿ ಹಸಿರು ರಟ್ಟಿನ ದಪ್ಪ ಪುಸ್ತಕವೊಂದಿತ್ತು. ಪ್ರತಿ ಸಾಲಿನಲ್ಲಿ ಮೊದಲು ಇಂಗ್ಲಿಷ್ ಪದ, ಪಕ್ಕದಲ್ಲಿ ಉಜ್ಬೆಕ್ ಅರ್ಥ, ಅದರ ಪಕ್ಕದಲ್ಲಿ ಪದ ಬಳಸಿದ ಒಂದು ವಾಕ್ಯ. ಎಲ್ಲವೂ ಅವಳ ಕೈಬರಹ. ಓಣಿಯ ಅರ್ಧ ಮಕ್ಕಳು ಆ ಪುಸ್ತಕವನ್ನು ನಕಲು ಮಾಡಿಕೊಂಡೇ ದೊಡ್ಡವರಾದವರು.

ಆಮೇಲೆ ಮೈದುನನ ಹೆಂಡತಿಯಾಗಿ ಓಯ್ದಿನ್ ಬಂದಳು.

ವಯಸ್ಸಿನಲ್ಲಿ ಹದಿನೈದು ವರ್ಷ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಮದುವೆಯಾಗಿ ಮೂರನೇ ತಿಂಗಳಿಗೇ, "ಓಪಾ, ಆ ಹಸಿರು ಪುಸ್ತಕ ಒಂದ್ಸಲ ಕೊಡ್ತೀರಾ? ಮಗು ತೂಗ್ತಾ ತೂಗ್ತಾ ನಾನೂ ನಾಲ್ಕು ಪದ ಕಲೀತೀನಿ," ಅಂದಳು. ಆಗಿನ್ನೂ ಮಗು ಹುಟ್ಟಿರಲೂ ಇಲ್ಲ. ಓಪಾ, ಅಂದರೆ ಅಕ್ಕಾ, ಅಂತ ಬಾಯಿ ತುಂಬ ಕರೆಯುತ್ತಿದ್ದ ಹುಡುಗಿ, ಜುಲ್ಹುಮೋರ್ ನಕ್ಕು ಕೊಟ್ಟಳು. ನಾಲ್ಕು ಪದ ಕಲಿತು ಸುಮ್ಮನಾಗುತ್ತಾಳೆ ಅಂದುಕೊಂಡಿದ್ದಳು.

ಓಯ್ದಿನ್ ಸುಮ್ಮನಾಗುವ ಪೈಕಿಯಲ್ಲ. ಪದಗಳನ್ನು ಚೀಟಿಯಲ್ಲಿ ಬರೆದು ರೊಟ್ಟಿಯ ತಂದೂರಿನ ಪಕ್ಕದ ಗೋಡೆಗೆ ಅಂಟಿಸಿದಳು. ಹಿಟ್ಟು ನಾದುತ್ತ ಹಿಟ್ಟಿನ ಜೊತೆ ಇಂಗ್ಲಿಷಿನಲ್ಲಿ ಜಗಳವಾಡಿದಳು. ಬೆಕ್ಕನ್ನು ಇಂಗ್ಲಿಷಿನಲ್ಲಿ ಬೈದಳು. ತಪ್ಪು ಮಾಡಿದರೆ ನಾಚಿಕೆಯಿಲ್ಲ, ನಕ್ಕು ಮುಂದಕ್ಕೆ ಹೋಗುವುದೇ. ನಾಲ್ಕು ವರ್ಷ ಹೀಗೆ ಕಳೆಯಿತು.

ಕಳೆದ ವಸಂತದಲ್ಲಿ ರೇಷ್ಮೆ ನೋಡಲು ಬಂದ ವಯಸ್ಸಾದ ವಿದೇಶಿ ದಂಪತಿ ದಾರಿ ತಪ್ಪಿ ಇವರ ಬಾಗಿಲಿಗೆ ಬಂದರು. ಅತ್ತೆ ಹೆಮ್ಮೆಯಿಂದ ಹಿರಿಸೊಸೆಯನ್ನು ಮುಂದೆ ನೂಕಿದಳು. ಜುಲ್ಹುಮೋರಳಿಗೆ ಪದಗಳೆಲ್ಲ ಗಂಟಲವರೆಗೆ ಬಂದವು. ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸುವಷ್ಟರಲ್ಲಿ ಮುದುಕ ಮತ್ತೆ ಏನೋ ಕೇಳಿದ. ಅದು ಅರ್ಥವಾಗುವಷ್ಟರಲ್ಲಿ ಮುದುಕಿಯೂ ಏನೋ ಕೇಳಿದಳು. ಅಷ್ಟರಲ್ಲಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಓಯ್ದಿನ್ ಓಡಿ ಬಂದು ಪಟಪಟ ಮಾತಾಡಿ, ದಾರಿ ಹೇಳಿ, ಇಬ್ಬರಿಗೂ ಹಸಿರು ಚಹಾ ಕುಡಿಸಿಯೇ ಕಳಿಸಿದಳು. ಅತ್ತೆ ಅದನ್ನು ಓಣಿಯ ಮನೆಮನೆಗೂ ಹೋಗಿ ಹೇಳಿ ಬಂದಳು.

"ಇವಳು ಮಾತಾಡ್ತಾಳೆ ಕಣ್ರೇ! ದೊಡ್ಡವಳು ಬರೀತಾಳೆ. ಇವಳು ಮಾತಾಡ್ತಾಳೆ!"

ಜುಲ್ಹುಮೋರಳಿಗೆ ಹೊಟ್ಟೆಕಿಚ್ಚಾಯಿತು. ಇದನ್ನು ಸುತ್ತಿಬಳಸಿ ಹೇಳುವ ಅಗತ್ಯವಿಲ್ಲ. ಓಯ್ದಿನ್ ನಕ್ಕರೆ ಕಿಚ್ಚು, ಓಯ್ದಿನ್ ಓಪಾ ಅಂದರೆ ಕಿಚ್ಚು. ಸಂಜೆ ಪಾಠಕ್ಕೆ ಬಂದ ಮಕ್ಕಳು ಚಪ್ಪರ ಬಿಟ್ಟು ತಂದೂರಿನ ಕಡೆ ಸರಿದು, "ಚಿಕ್ಕ ಟೀಚರ್, ಇದನ್ನ ಹೆಂಗೆ ಹೇಳೋದು?" ಅಂತ ಕೇಳಿದ ದಿನ ಅವಳಿಗೆ ಊಟ ಸೇರಲಿಲ್ಲ. ನನ್ನ ಪುಸ್ತಕ, ನನ್ನ ಪದ, ನನ್ನ ಓಣಿ. ಇವಳು ಎಲ್ಲಿಂದ ಬಂದಳು ಎಂದು ಒಳಗೊಳಗೇ ಕುದಿದಳು.

ಅದೇ ಹೊತ್ತಿಗೆ ಊರಿನ ಪೇಟೆಯಲ್ಲಿ ಇಂಗ್ಲಿಷ್ ಕಲಿಸುವ ಹೊಸ ಕೇಂದ್ರವೊಂದು ಶುರುವಾಯಿತು. ಪದಪಾಠಕ್ಕೆ ಒಬ್ಬರೇ ಒಬ್ಬರು ಟೀಚರ್ ಬೇಕಂತೆ. ಬರುವವರು 'ನನಗೆ ಕಲಿಸಿದವರು' ಎಂಬ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ತರಬೇಕಂತೆ. ಜುಲ್ಹುಮೋರ್ ಅಂದೇ ತನ್ನ ಕಾಲೇಜಿನ ಮೇಷ್ಟರ ಬಗ್ಗೆ ಬರೆದಿಟ್ಟಳು. ಈ ಜಾಗ ಸಿಕ್ಕರೆ ಓಣಿಯ ಬಾಯಿ ಮತ್ತೆ ತನ್ನ ಕಡೆ ತಿರುಗುತ್ತದೆ, ಸಿಗದಿದ್ದರೆ ತಾನು ಬರೆಯುವವಳಾಗಿಯೇ ಉಳಿಯುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ಮಾರನೇ ದಿನ ಓಯ್ದಿನ್ ಒಂದು ಹಾಳೆ ಹಿಡಿದು ಬಂದಳು.

"ಓಪಾ, ನಗಬೇಡಿ. ನಾನೂ ಬರೆದೆ. ಸಿಗಲ್ಲ ಬಿಡಿ, ನಿಮ್ಮ ಮುಂದೆ ನಾನ್ಯಾವ ಲೆಕ್ಕ? ಸುಮ್ನೆ ಒಂದ್ಸಲ ನೋಡಿ, ತಪ್ಪಿದ್ರೆ ತಿದ್ದಿಕೊಡಿ."

ಮೂರನೇ ಸಾಲಿನಲ್ಲೇ ನಗು ಬಂತು. 'ನನ್ನ ಗಂಡ ಮ್ಯಾಗಜೀನಿನಲ್ಲಿ ಕೆಲಸ ಮಾಡುತ್ತಾನೆ' ಎಂದು ಬರೆದಿದ್ದಳು.

"ನಿನ್ನ ಗಂಡ ಯಾವಾಗ ಪತ್ರಿಕೆಗೆ ಸೇರಿದ?"

"ಅಯ್ಯೋ, ಅಂಗಡೀಲಿ ಅಂತ!"

"ಮ್ಯಾಗಜೀನ್ ಅಂದ್ರೆ ರಷ್ಯನ್ನಲ್ಲಿ ಅಂಗಡಿ. ಇಂಗ್ಲಿಷಲ್ಲಿ ಪತ್ರಿಕೆ. ಈ ಊರಿನವರೆಲ್ಲ ಇಲ್ಲೇ ಜಾರೋದು," ಎಂದು ಜುಲ್ಹುಮೋರ್ ಅದನ್ನು ತಿದ್ದಿದಳು. ತಿದ್ದುವಾಗ ತಾನು ಎಷ್ಟು ಒಳ್ಳೆಯವಳು ಅಂತ ಅವಳಿಗೇ ಅನಿಸಿತು. ನಂತರ ಕೆಳಗಿನ ಸಾಲಿಗೆ ಬಂದು ಪೆನ್ನು ನಿಂತಿತು.

'ನನ್ನ ವಾರಗಿತ್ತಿಯ ಮೇಲೆ ನನಗೆ ಎನ್ವಿ. ದಿನಾ ಎನ್ವಿ.'

ಇಲ್ಲಿಯವರ ಬಾಯಲ್ಲಿ ಇದಕ್ಕೆ ಎರಡು ಪದಗಳಿವೆ. ನಿನಗಿರುವಂಥದು ನನಗೂ ಇರಲಿ ಅನ್ನುವುದು ಹವಸ್. ಎದುರಿಗೇ ಹೇಳಿದರೆ ಕೇಳಿದವರು ಹಿಗ್ಗುತ್ತಾರೆ. ನಿನಗಿರುವುದು ನಿನ್ನ ಬಳಿ ಇರಲೇಬಾರದು ಅನ್ನುವುದು ಹಸದ್. ಅದನ್ನು ತನ್ನ ಬಗ್ಗೆ ಯಾರೂ ಹೇಳಿಕೊಳ್ಳುವುದಿಲ್ಲ. ಹಸಿರು ಪುಸ್ತಕದಲ್ಲಿ ಎನ್ವಿಯ ಪಕ್ಕ ಹತ್ತೊಂಬತ್ತು ವರ್ಷದಿಂದ ಹವಸ್ ಎಂದೇ ಇತ್ತು. ಹೋದ ವರ್ಷದ ಶಿಕ್ಷಕರ ತರಬೇತಿಯಲ್ಲಿ ತರಬೇತಿದಾರ, "ಎನ್ವಿ ಅಂದ್ರೆ ಹಸದ್, ಹವಸ್‌ಗೆ ಅಡ್ಮೈರ್ ಅನ್ನಿ," ಎಂದು ಹೇಳಿದ್ದ. ಜುಲ್ಹುಮೋರ್ ಅದನ್ನು ಚೀಟಿಯಲ್ಲಿ ಬರೆದುಕೊಂಡು ಬಂದು ಚೀಟಿಯನ್ನು ಬಚ್ಚಿಟ್ಟಿದ್ದಳು. ಅಷ್ಟು ಮಕ್ಕಳಿಗೆ ತಪ್ಪು ಕಲಿಸಿದೆ ಎಂದು ಒಪ್ಪಿಕೊಳ್ಳುವುದು ಯಾರಿಗೆ ಬೇಕಿತ್ತು?

ಈಗ ತಿದ್ದಿದರೆ ಪುಸ್ತಕದ ತಪ್ಪು ಬಯಲಾಗುತ್ತದೆ. ತಿದ್ದದಿದ್ದರೆ, ಮನೆಯವಳ ಮೇಲೆ ದಿನಾ ಹೊಟ್ಟೆಕಿಚ್ಚುಪಡುವವಳು ಎಂದು ಓಯ್ದಿನ್ ತನ್ನ ಕೈಯಾರೆ ಬರೆದುಕೊಟ್ಟಂತಾಗುತ್ತದೆ. ಅಂಥವಳನ್ನು ಯಾರು ಇಟ್ಟುಕೊಳ್ಳುತ್ತಾರೆ?

"ಮಿಕ್ಕಿದ್ದೆಲ್ಲ ಚೆನ್ನಾಗಿದೆ," ಎಂದು ಮುಂದಿನ ಸಾಲು ಓದದೆಯೇ ಹಾಳೆ ವಾಪಸ್ ಕೊಟ್ಟಳು.

ಓಯ್ದಿನ್ ಅವಳ ಕೆನ್ನೆಗೆ ಮುತ್ತಿಟ್ಟು ಓಡಿದಳು. ಆ ವಾರವಿಡೀ ಜುಲ್ಹುಮೋರಳಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಖುಷಿಯೇ ಒಂದು ಹಿಡಿ ಹೆಚ್ಚು.

ಕೇಂದ್ರದ ಯಜಮಾನಿ ಸಬೋಹತ್ ವಿದೇಶದಲ್ಲಿ ಓದಿ ಬಂದವಳು, ನೇರ ಮಾತಿನವಳು. ಒಂದೇ ಮನೆಯವರು ಎಂದು ಇಬ್ಬರನ್ನೂ ಒಟ್ಟಿಗೇ ಕೂರಿಸಿಕೊಂಡಳು. ಮೊದಲು ಜುಲ್ಹುಮೋರಳ ಹಾಳೆ ತೆಗೆದಳು.

"ಒಂದೂ ತಪ್ಪಿಲ್ಲ. ಆದ್ರೆ ಬೇಜಾರು ಮಾಡ್ಕೋಬೇಡಿ ಓಪಾ, ಓದಿ ಮುಗಿಸಿದ ಮೇಲೆ ನಿಮ್ಮ ಮೇಷ್ಟ್ರು ಹೆಂಗಿದ್ರು ಅಂತ ನನಗೆ ಗೊತ್ತಾಗ್ಲೇ ಇಲ್ಲ." ಓಯ್ದಿನಳ ಹಾಳೆ ತೆಗೆದಳು. "ಓಯ್ದಿನ್, ಇದೇನಮ್ಮಾ? ಎನ್ವಿ ಅಂತ ಬರೆದಿದ್ದೀಯ. ಹವಸ್ಸೋ, ಹಸದ್ದೋ?"



"ಅಯ್ಯೋ ದೇವರೇ, ಹವಸ್!" ಓಯ್ದಿನ್ ಎದ್ದೇ ನಿಂತಳು. "ಓಪಾ ಮೇಲೆ ನನಗೆ ಯಾಕೆ ಹಸದ್?"

ಸಬೋಹತ್ ನಕ್ಕಳು. "ಕೂತ್ಕೋ, ಕೂತ್ಕೋ. ಇಂಗ್ಲಿಷಿನವರ ಹತ್ರ ಎರಡಕ್ಕೂ ಅದೊಂದೇ ಪದ. ಯಾವುದು ಅಂತ ಮುಂದಿನ ವಾಕ್ಯ ಹೇಳ್ಬೇಕು. ನಿನ್ನ ಮುಂದಿನ ವಾಕ್ಯ ಹೇಳಿದೆ." ಅವಳು ಓದಿದಳು: "'ಅವಳು ಎರಡು ಸಾವಿರ ಪದಗಳನ್ನು ಕೈಯಲ್ಲಿ ಬರೆದಳು. ನಾನು ಕೇಳಿದ ದಿನವೇ ಎಲ್ಲವನ್ನೂ ನನ್ನ ಮಡಿಲಿಗೆ ಹಾಕಿದಳು. ಅಷ್ಟು ದೊಡ್ಡ ಮನಸ್ಸು ನನಗೂ ಬರಲಿ.' ಇದನ್ನ ಯಾರಿಗಾದ್ರೂ ತೋರಿಸಿದ್ಯಾ?"

"ಓಪಾನೇ ತಿದ್ದಿಕೊಟ್ಟಿದ್ದು!"

ಸಬೋಹತ್ ಜುಲ್ಹುಮೋರಳ ಕಡೆ ತಿರುಗಿದಳು. "ಎನ್ವಿ ಅಂದ್ರೆ ಬರೀ ಹಸದ್ ಅಂತ ಅರ್ಧ ಊರು ತಿಳ್ಕೊಂಡಿದೆ. ನೀವು ಇದನ್ನ ತಿಳಿದೇ ಹಾಗೇ ಬಿಟ್ರಾ, ಇಲ್ಲ ಗಮನಿಸ್ಲಿಲ್ವಾ?"

ಗಮನಿಸಲಿಲ್ಲ ಅಂದರೆ ಟೀಚರಿಗೆ ಪದ ಗೊತ್ತಿಲ್ಲ ಅಂತಾಗುತ್ತದೆ. ಹತ್ತೊಂಬತ್ತು ವರ್ಷದ ಬಿಂಕ ಅದಕ್ಕೆ ಒಪ್ಪಲಿಲ್ಲ.

"ತಿಳಿದೇ ಬಿಟ್ಟೆ," ಅಂದಳು ಜುಲ್ಹುಮೋರ್.

"ಸರಿಯಾಗೇ ಬಿಟ್ರಿ," ಅಂದಳು ಸಬೋಹತ್. ಓಯ್ದಿನ್ ತನ್ನ ಓಪಾಳ ಕೈಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ಆ ಕೈಯನ್ನು ಕಿತ್ತುಕೊಂಡು ಓಡಿಹೋಗೋಣ ಅನ್ನುವಷ್ಟು ಸಂಕಟ ಜುಲ್ಹುಮೋರಳಿಗೆ. ಕೆಲಸ ಓಯ್ದಿನಳಿಗೆ ಸಿಕ್ಕಿತು.

ಓಣಿಗೆ ಓಣಿಯೇ ಬಂದು ಶುಭ ಹಾರೈಸಿ ಹೋಯಿತು. ಬಂದವರಿಗೆಲ್ಲ ಓಯ್ದಿನ್ ಒಂದೇ ಮಾತು ಹೇಳಿದಳು: "ಓಪಾ ನನ್ನ ಹಾಳೇಲಿ ಒಂದೊಂದು ಪದಾನೂ ತಿಳಿದೇ ಬಿಟ್ರು!" ಜುಲ್ಹುಮೋರ್ ಪಲಾವಿನ ಕ್ಯಾರೆಟ್ ಹೆಚ್ಚುತ್ತ ತಲೆ ಎತ್ತಲಿಲ್ಲ. ಕಿಚ್ಚು ಹೋಗಿರಲಿಲ್ಲ. ಹೋಗಿದೆ ಅಂತ ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ. ಆದರೆ ಈಗ ಆ ಕಿಚ್ಚಿನ ಮೇಲೆ ಹೊಗಳಿಕೆ ಬೇರೆ ಬಂದು ಕೂತಿತ್ತು, ಅದನ್ನು ಹೊರುವುದೇ ಕಷ್ಟವಾಗಿತ್ತು.

ಮೊದಲ ಪಾಠದ ದಿನ ಬೆಳಿಗ್ಗೆ ಓಯ್ದಿನ್ ಹೊಸ ಅಂಗಿ ತೊಟ್ಟು ಬಂದಳು.

"ಓಪಾ, ಹಸಿರು ಪುಸ್ತಕ ತಗೊಂಡು ಹೋಗ್ಲಾ? ಮಕ್ಕಳಿಗೆ ಇದರಿಂದಾನೇ ಶುರು ಮಾಡ್ತೀನಿ."

"ಒಂದ್ನಿಮಿಷ ಇರು."

ಜುಲ್ಹುಮೋರ್ ಒಳಗೆ ಹೋಗಿ ಆ ಪುಟ ತೆಗೆದಳು. ಎನ್ವಿ, ಹವಸ್, 'ನಿನ್ನ ಹೊಸ ಅಂಗಿ ನೋಡಿ ನನಗೆ ಎನ್ವಿ.' ಅದನ್ನು ಹೊಡೆದುಹಾಕಲಿಲ್ಲ. ಕೆಳಗಿನ ಕಿರಿದಾದ ಜಾಗದಲ್ಲಿ ನೀಲಿ ಶಾಯಿಯಿಂದ ಇನ್ನೊಂದು ಸಾಲು ಬರೆದು, ಆರುವವರೆಗೆ ಊದಿ, ಪುಸ್ತಕವನ್ನು ತೆರೆದಂತೆಯೇ ತಂದು ಓಯ್ದಿನಳ ಕೈಗಿಟ್ಟಳು.

ಓಯ್ದಿನ್ ಬೆರಳಿಟ್ಟು ಓದಿದಳು. "ಎನ್ವಿ, ಹಸದ್, 'ನನ್ನ ವಾರಗಿತ್ತಿಯ ಮೇಲೆ ನನಗೆ ಎನ್ವಿ.'" ನಕ್ಕಳು. "ಓಪಾ, ಇದು ನನ್ನ ವಾಕ್ಯ ಅಲ್ವಾ! ಅರ್ಥ ಮಾತ್ರ ಕೈತಪ್ಪಿ ಬರೆದಿದ್ದೀರ."

"ಕೈ ತಪ್ಪಿಲ್ಲ," ಅಂದಳು ಜುಲ್ಹುಮೋರ್. "ಅದು ನಿನ್ನ ವಾಕ್ಯ ಅಲ್ಲ. ನಂದು."