ಆರು ಮನೆ, ಒಂದೇ ಗೋಡೆ

ಭದ್ರಾವತಿಯ ಓಲ್ಡ್ ಟೌನಿನ ವಠಾರವೊಂದರಲ್ಲಿ ತಿಗಣೆ ಕಾಣಿಸಿತು. ಮಾಲೀಕ ಹಾಲಸ್ವಾಮಿ ಮೂರನೇ ಮನೆಯ ಶೇಷಮ್ಮನಿಗೆ ಎಂಟು ದಿನದಲ್ಲಿ ಮನೆ ಖಾಲಿ ಮಾಡಲು ಹೇಳಿದ. ತಿಗಣೆ ತಂದವಳು ಶೇಷಮ್ಮನೇ ಎಂದು ಕಾಗದ ಬರೆಸಿ, ಉಳಿದ ಐದು ಮನೆಯವರೂ ರುಜು ಹಾಕಬೇಕೆಂದ.

ಪಕ್ಕದ ನಾಲ್ಕನೇ ಮನೆಯ ಸುವರ್ಣಮ್ಮ ಪೆನ್ನು ಹುಡುಕುತ್ತಿದ್ದಾಗ ಆಶಾ ಕಾರ್ಯಕರ್ತೆ ಸಮತಾ ಬಂದಳು.

"ರುಜು ಹಾಕ್ತೀರಾ ಸುವರ್ಣಕ್ಕ?"

"ಹಾಕ್ದೆ ಇನ್ನೇನ್ಮಾಡ್ಲಿ ಮಾರಾಯ್ತಿ? ಅವಳ ಮನೆ ಗಲೀಜು. ನಾನು ದಿನಾ ಫಿನಾಯಿಲ್ ಹಾಕಿ ಒರೆಸ್ತೀನಿ."

"ತಿಗಣೆಗೆ ಬೇಕಾಗಿರೋದು ರಕ್ತ ಅಕ್ಕ, ಗಲೀಜಲ್ಲ. ಅದಿರ್ಲಿ, ಈ ಮಂಚ ಯಾವಾಗ ಬಂತು?"

ಸುವರ್ಣಮ್ಮನ ದನಿ ತಗ್ಗಿತು. "ಶೇಷಿ ಬೀದಿಗೆ ಹಾಕಿದ್ಲು. ಸಾಗುವಾನಿ ಮಂಚ, ಬಿಡೋಕೆ ಮನಸ್ಸಾಗ್ಲಿಲ್ಲ. ತೊಳೆದೇ ತಂದೆ."

ಸಮತಾ ಮಂಚದ ಸಂದಿಗೆ ಟಾರ್ಚ್ ಬಿಟ್ಟಳು. ಕಂದು ಹುಳುಗಳು ಗೋಡೆಯ ಬಿರುಕಿನತ್ತ ಓಡಿದವು.

"ಅಯ್ಯಯ್ಯೋ! ಈಗ್ಲೇ ಬೀದಿಗೆ ಹಾಕಿಸ್ತೀನಿ!"

"ಹಾಕ್ಸಿ. ಎತ್ಕೊಂಡು ಹೋಗೋಕೆ ಐದನೇ ಮನೆಯವರು ಕಾಯ್ತಿರ್ತಾರೆ."

ಸುವರ್ಣಮ್ಮನಿಗೆ ನಗುವೂ ಬಂತು, ಅಳುವೂ ಬಂತು. "ನಮ್ಮೆಜಮಾನ್ರು ತೋಟಕ್ಕೆ ಹೊಡಿಯೋ ಔಷಧಿ ತರ್ತೀನಿ ಅಂದಿದ್ರು."

"ಬೇಡ! ಮಕ್ಕಳು ಮಲಗೋ ಕೋಣೆಗೆ ತೋಟದ ವಿಷ ಹೊಡಿತೀರಾ? ಸೀಮೆಎಣ್ಣೇನೂ ಸುರೀಬೇಡಿ, ಬೆಂಕಿ ಹತ್ತುತ್ತೆ. ಸಂದಿಗೆ ಕುದಿಯೋ ನೀರು ಹಾಕ್ಬೇಕು, ಆರೂ ಮನೆಯವ್ರು ಒಂದೇ ದಿನ."

"ಶೇಷಿ ಹೋದ್ರೆ ತಿಗಣೆ ಹೋಗಲ್ವಾ ಹಾಗಾದ್ರೆ?"

"ಅವಳು ಹೋಗ್ತಾಳೆ, ತಿಗಣೆ ಗೋಡೇಲೇ ಇರುತ್ತೆ. ಮುಂದಿನ ಕಾಗದದಲ್ಲಿ ಯಾರ ಹೆಸರು ಬರೀತಾರೆ, ನೀವೇ ಹೇಳಿ."

ಸುವರ್ಣಮ್ಮ ಪೆನ್ನು ಹುಡುಕುವುದನ್ನು ಬಿಟ್ಟಳು. ಸೀದಾ ಶೇಷಮ್ಮನ ಮನೆಗೆ ಹೋಗಿ, "ಬಾರೇ, ಭಾನುವಾರ ನೀರು ಕಾಯಿಸೋಣ" ಎಂದಳು.

ಭಾನುವಾರ ಆರೂ ಮನೆಯ ಮಂಚಗಳು ಬೀದಿಗೆ ಬಂದವು. ಸಂದಿ ಸಂದಿಗೂ ಕುದಿಯುವ ನೀರು ಬಿತ್ತು. ಹಾಸಿಗೆ ಬಟ್ಟೆ ಹಬೆಯಾಡುವ ನೀರಿನಲ್ಲಿ ಬೆಂದು ಬಿಸಿಲಿಗೆ ಬಿತ್ತು. ನಗರಸಭೆಯ ಆರೋಗ್ಯ ವಿಭಾಗಕ್ಕೆ ಅರ್ಜಿಯೂ ಸಿದ್ಧವಾಯಿತು: ತರಬೇತಿ ಪಡೆದವರಿಂದ ಆರೂ ಮನೆಗೆ ಒಂದೇ ದಿನ ಔಷಧಿ ಹೊಡೆಸಿ, ಬಿರುಕು ಮುಚ್ಚಿಸಲು ಮಾಲೀಕನಿಗೆ ಹೇಳಿ. ಅದಕ್ಕೆ ಆರು ರುಜು ಬಿದ್ದವು.

ಓದುತ್ತಿರುವ ಅಕ್ಕ, ಅಣ್ಣ, ತಿಗಣೆ ಬಂದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಪಕ್ಕದ ಮನೆಗೆ ಮೊದಲು ಹೇಳಿ. ಹಳೆ ಮಂಚವನ್ನು ನೋಡದೆ ಒಳಗೆ ತರಬೇಡಿ. ಎಲ್ಲರೂ ಒಂದೇ ದಿನ ಶುಚಿ ಮಾಡಿ. ಮೊಟ್ಟೆ ಉಳಿದಿರುತ್ತದೆ, ಎರಡು ವಾರ ಬಿಟ್ಟು ಮತ್ತೊಮ್ಮೆ ಮಾಡಿ. ಹುಳುವಿನ ನೆಪದಲ್ಲಿ ಬಡವಳೊಬ್ಬಳನ್ನು ಬೀದಿಗೆ ತಳ್ಳಲು ನಿಮ್ಮ ರುಜು ಕೇಳಿದರೆ ಕೊಡಬೇಡಿ.

ಆ ಭಾನುವಾರ ಮಧ್ಯಾಹ್ನವೇ ಹಾಲಸ್ವಾಮಿ ಬಂದು ಸುವರ್ಣಮ್ಮನನ್ನು ಕೇಳಿದ. "ಏನಮ್ಮಾ, ಕಾಗದಕ್ಕೆ ರುಜು ಆಯ್ತಾ?"

"ಹಾಕಲ್ಲ."

"ಹಾಗಾದ್ರೆ ನೀವೂ ಖಾಲಿ ಮಾಡಿ."

ಸುವರ್ಣಮ್ಮ ಶೇಷಮ್ಮನ ಹೊಸಿಲಲ್ಲಿ ಕುಕ್ಕರಿಸಿ ಕೂತಳು. "ಮಾಡಲ್ಲ ಕಣ್ರೀ. ಇವಳೂ ಮಾಡಲ್ಲ."