ರೆಕ್ಕೆ ಸೇರುವ ಮೂಲೆ

ಪೆಟ್ಟಿಗೆಯ ಅಂಚಿಗೆ ಉಪ್ಪುಕಾಗದ ಉಜ್ಜುತ್ತಿದ್ದ ಬಡಗಿ ಮಾಮ ಕೈ ನಿಲ್ಲಿಸಿ, ಕಣ್ಣು ಮುಚ್ಚಿ, ಅಂಗೈಯನ್ನು ಮರದ ಮೇಲೆ ಮೆಲ್ಲಗೆ ಎಳೆದರು.

"ಸಾಕು ಮಾಮ, ಹನ್ನೊಂದಕ್ಕೆ ಗಾಡಿ ಬರುತ್ತೆ," ಎಂದಳು ಮಗಳು.

"ಇನ್ನೊಂದೇ ಸಲ ಪುಟ್ಟಿ. ಇಲ್ಲಿ ತರಿತರಿ ಇದೆ. ನಿಮ್ಮಪ್ಪ ಕೈಯಾಡಿಸಿದ್ರೆ ನನ್ನ ಸುಮ್ನೆ ಬಿಡ್ತಿದ್ರಾ?"

ಅಪ್ಪ ಪೆಟ್ಟಿಗೆಯೊಳಗೆ ಮಲಗಿದ್ದರು. ವಿಮಾನಗಳಿಗೆ ಗಾಳಿ ಒಡ್ಡುವ ತಡೆಯನ್ನು ತಗ್ಗಿಸುವುದೇ ನಲವತ್ತು ವರ್ಷ ಅವರು ಮಾಡಿದ ಕೆಲಸ. ಪರೀಕ್ಷೆಗೆ ಬೇಕಾದ ಮರದ ಪುಟ್ಟ ವಿಮಾನಗಳನ್ನು ಕೆತ್ತಿಕೊಟ್ಟವರು ಬಡಗಿ ಮಾಮ. ಮನೆಯಲ್ಲೂ ಅಪ್ಪನ ಬೆರಳು ಸುಮ್ಮನಿರುತ್ತಿರಲಿಲ್ಲ. ಕುರ್ಚಿಯ ಬೆನ್ನು, ಬಾಗಿಲ ಚೌಕಟ್ಟು, ಕಡೆಗೆ ಮಗಳ ಮೊಂಡುಮೂಗನ್ನೂ ಸವರಿ, "ಇಲ್ಲಿ ಗಾಳಿ ಎಡವುತ್ತೆ" ಎಂದು ನಗುತ್ತಿದ್ದರು.

ಹೊರಗೆ ಬೆಳಗಿನಿಂದ ಹುಚ್ಚುಗಾಳಿ. ಕಿಟಕಿಗಳೆಲ್ಲ ತೆರೆದೇ ಇದ್ದವು. ಆದರೂ ಒಳಗೆ ಪರದೆಯ ಒಂದು ನೂಲೂ ಅಲುಗುತ್ತಿರಲಿಲ್ಲ.

"ನೋಡಿದ್ಯಾ?" ಅಪ್ಪನ ತಂಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದರು. "ಮೇಣದಬತ್ತಿ ಉರಿ ಸೂಜಿ ಹಾಗೆ ನಿಂತುಬಿಟ್ಟಿದೆ. ನನಗ್ಯಾಕೋ ಮೈ ಜುಮ್ ಅಂತಿದೆ ಕಣೇ."

"ಗಾಳಿ ಎಲ್ಲೂ ಎಡವಬಾರದು. ಅವರಿಗೆ ಬೇಕಾಗಿದ್ದೂ ಅದೇ ಅಲ್ವಾ ಅತ್ತೆ," ಎಂದಳು ಮಗಳು. ಅವಳ ಕಣ್ಣು ಒಣಗಿಯೇ ಇತ್ತು. ಒಂದು ಮಧ್ಯಾಹ್ನಕ್ಕಾಗಿ ಅವಳು ಮೂವತ್ತು ವರ್ಷದಿಂದ ಅಪ್ಪನನ್ನು ಕ್ಷಮಿಸಿರಲಿಲ್ಲ.

*

ಆಗ ಅವಳಿಗೆ ಎಂಟು. ಅಮ್ಮ ಆಸ್ಪತ್ರೆಯಲ್ಲಿದ್ದಳು. ನೋಡಿಕೊಳ್ಳುವವರಿಲ್ಲದೆ ಅಪ್ಪ ಅವಳನ್ನು ಕೆಲಸದ ಜಾಗಕ್ಕೆ ಕರೆತಂದಿದ್ದರು. ಮನೆಯಷ್ಟೆತ್ತರದ ಫ್ಯಾನು ಗಾಳಿಯೂದುವ ಸುರಂಗ, ಗಾಜಿನಾಚೆ ಮರದ ವಿಮಾನ. ಅದರ ಮೇಲೆ ಹಾಯಿಸಿದ ಹೊಗೆಯ ಗೆರೆ, ರೆಕ್ಕೆ ಒಡಲಿಗೆ ಸೇರುವ ಮೂಲೆಯಲ್ಲಿ ಸಿಕ್ಕಿ ಗಿರಗಿರನೆ ಸುತ್ತುತ್ತಿತ್ತು. ಮೂರು ತಿಂಗಳಿಂದ ಬಗ್ಗದ ಸುಳಿ. ಅಪ್ಪ ಫ್ಯಾನು ನಿಲ್ಲಿಸಿದರು. ಮೂಲೆಗೆ ಮೇಣ ಮೆತ್ತಿ ಹೆಬ್ಬೆರಳಿನಿಂದ ನೀವಿದರು. ಮತ್ತೆ ಗಾಳಿ ಬಿಟ್ಟಾಗ ಹೊಗೆ ಬಾಚಿದ ಕೂದಲಿನಂತೆ ನುಣ್ಣಗೆ ಜಾರಿಹೋಯಿತು. ಮುಂದೆ ನೂರಾರು ವಿಮಾನಗಳು ಆ ಹೆಬ್ಬೆರಳಿನ ಬಾಗನ್ನು ಹೊತ್ತು, ಅಷ್ಟೇ ಇಂಧನದಲ್ಲಿ ಇನ್ನಷ್ಟು ದೂರ ಹಾರಿದವು.

ಅಬ್ಬರದಲ್ಲಿ ಸದ್ದು ಕೇಳದೆಂದು ಅಲ್ಲಿನ ಫೋನಿಗೆ ಕೆಂಪು ದೀಪವಿತ್ತು. ಅದು ಹತ್ತಿ ಆರಿ, ಹತ್ತಿ ಆರಿದ್ದನ್ನು ಅವಳು ಕಂಡಳು. ಅಪ್ಪನೂ ಕಂಡರೆಂದೇ ನಂಬಿದಳು. ಅಪ್ಪ ಹೊಗೆಯಿಂದ ಕಣ್ಣು ಕೀಳಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು.

*

"ಅವತ್ತು ನಿಮ್ಮಮ್ಮನ ಆಸ್ಪತ್ರೆಯಿಂದ ಬಂದ ಫೋನು ಎತ್ತಿದ್ದು ನಾನು, ಪುಟ್ಟಿ."

ಮಗಳು ತಿರುಗಿದಳು. ಬಡಗಿ ಮಾಮ ತಲೆ ಎತ್ತಲಿಲ್ಲ.

"'ತಕ್ಷಣ ಕಳಿಸಿ' ಅಂದ್ರು. ಇಷ್ಟು ದಿನದ ಕೆಲಸ, ಹತ್ತು ನಿಮಿಷ ತಾನೇ ಅಂತ ಬಾಯಿ ಮುಚ್ಕೊಂಡೆ. ಪರೀಕ್ಷೆ ಮುಗಿದು ಫ್ಯಾನು ನಿಂತ ಮೇಲೇ ನಿಮ್ಮಪ್ಪನಿಗೆ ಹೇಳಿದ್ದು."

"ಅಪ್ಪ ನನಗೆ ಒಂದು ಮಾತೂ ಹೇಳಲಿಲ್ವಲ್ಲ..."

"ನಾನೇ ಹೇಳ್ತೀನಿ ಅಂದೆ. ಬಿಡಲಿಲ್ಲ. 'ಮಗು ಸಿಟ್ಟು ನಾನಾದ್ರೆ ತಡ್ಕೋತೀನಿ, ನಿನ್ನ ಕೈಲಿ ಆಗಲ್ಲ' ಅಂದ್ರು."

ಪರದೆ ಒಮ್ಮೆ ಉಬ್ಬಿ ಇಳಿಯಿತು, ಯಾರೋ ಬಿಗಿಹಿಡಿದ ಉಸಿರನ್ನು ಬಿಟ್ಟ ಹಾಗೆ. ಅತ್ತೆ ಗೋಡೆಗೆ ಒರಗಿ ನಿಂತರು.

ಮಗಳು ಅಪ್ಪನ ಹಣೆಯ ಮೇಲೆ ಕೈಯಿಟ್ಟಳು.

"ನೀವೇ ಮುಚ್ಚಳ ಮುಚ್ಚಿ ಮಾಮ," ಎಂದಳು ಕೊನೆಗೆ.

ಪೆಟ್ಟಿಗೆ ಹೊತ್ತ ಗಾಡಿ ಹೊರಟಿತು. ಬೀದಿಯ ಮರಗಳು ನೆಲ ಮುಟ್ಟುವಂತೆ ಬಾಗುತ್ತಿದ್ದವು. ಎಲ್ಲೆಲ್ಲೂ ಧೂಳೆದ್ದು, ಹಿಂದೆ ನಡೆದು ಬರುತ್ತಿದ್ದವರು ಮುಖ ಮುಚ್ಚಿಕೊಂಡರು. ಗಾಡಿ ಹಾದುಹೋದ ಅಷ್ಟಗಲದ ಪಟ್ಟಿಯಲ್ಲಿ ಮಾತ್ರ ತರಗೆಲೆಗಳು ಒಂದೊಂದೂ ಬಿದ್ದಲ್ಲೇ ಬಿದ್ದಿದ್ದವು. ಒಂದರ ಮೇಲೂ ಚಕ್ರದ ಗುರುತಿರಲಿಲ್ಲ.