ನೀಲಿ ಶನಿವಾರಗಳು

"ಇದೇನಮ್ಮ, ಅಪ್ಪನ ಕ್ಯಾಲೆಂಡರಲ್ಲಿ ಚಿನ್ನಿ ಅಂತ ಯಾರೋ ಇದ್ದಾರೆ?" ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕಿರಿಯ ಮಗಳು ಕೇಳಿದಳು.

ತಾಯಿ ಒಗೆದ ಬಟ್ಟೆ ಮಡಚುತ್ತಿದ್ದಳು. "ಯಾವುದೋ ಲಿಫ್ಟ್ ಕಂಪನಿ ಹೆಸರಿರಬೇಕು ಬಿಡು."

"ಲಿಫ್ಟಿಗೂ ಹುಟ್ಟುಹಬ್ಬ ಇರುತ್ತಾ? ಹತ್ತೊಂಬತ್ತನೇ ತಾರೀಕು, ಚಿನ್ನಿಗೆ ಐದು ವರ್ಷ ಅಂತಿದೆ. ಪ್ರತಿ ವರ್ಷ ಬರೋ ಹಾಗೆ ಹಾಕಿಟ್ಟಿದಾರೆ."

ಇದಕ್ಕೆಲ್ಲ ಕಾರಣ ಫ್ರಿಜ್ ರಿಪೇರಿಯವನು. ಹಿಂದಿನ ವಾರ ಅವನು ಮೂರು ಸಲ ಬಂದು, ಮೂರು ಸಲವೂ ಬೀಗದ ಮುಖ ನೋಡಿಕೊಂಡು ಹೋಗಿದ್ದ. ತಾಯಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತು ರೋಗಿಗಳಿಗೆ ಸಮಯ ಬರೆದುಕೊಡುವವಳು. ಅಪ್ಪ ಲಿಫ್ಟ್ ಮೆಕ್ಯಾನಿಕ್. ಮಗಳಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಪಾಳಿ ಕೆಲಸ. ಇವಳಿದ್ದಾಳೆಂದು ಅವನು, ಅವನಿದ್ದಾನೆಂದು ಇವಳು, ಕಡೆಗೆ ಮನೆಯಲ್ಲಿ ಕೆಟ್ಟ ಹಾಲೊಂದೇ. ಮಗಳು ರೇಗಿಹೋಗಿ, ಮೂವರ ಕ್ಯಾಲೆಂಡರನ್ನೂ ಫೋನ್ ನಂಬರುಗಳನ್ನೂ ಮನೆಯ ಕಂಪ್ಯೂಟರಿನಲ್ಲಿ ಒಂದು ಮಾಡಿಬಿಡುತ್ತೇನೆಂದು ಈ ಭಾನುವಾರ ಬೆಳಿಗ್ಗೆ ಕೂತಿದ್ದಳು. ತಾಯಿಯದು ಹಸಿರು, ತನ್ನದು ಕೆಂಪು, ಅಪ್ಪನದು ನೀಲಿ. "ನಂದೇನಿದೆ, ಬರೀ ಡ್ಯೂಟಿ ಪಟ್ಟಿ, ಹಾಕ್ಕೋ ಹೋಗು" ಎಂದು ಪಾಸ್‌ವರ್ಡ್ ಕೊಟ್ಟು ಅಪ್ಪ ಕ್ಷೌರಕ್ಕೆ ಹೋಗಿದ್ದ. ತನ್ನ ಫೋನಿನಲ್ಲಿ ಒತ್ತಿದ್ದೆಲ್ಲ ಈ ಮೇಜಿನ ಮೇಲಿನ ಪೆಟ್ಟಿಗೆಗೂ ಬಂದು ಕೂರುತ್ತದೆಂದು ಅವನಿಗೇನು ಗೊತ್ತು?

"ಅಮ್ಮ, ಇಲ್ಲಿ ಬಾ." ಮಗಳ ದನಿ ಇದ್ದಕ್ಕಿದ್ದಂತೆ ಇಳಿದುಹೋಗಿತ್ತು.

ತಾಯಿ ಬಟ್ಟೆಯ ರಾಶಿಯನ್ನೂ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಪರದೆಯ ಮೇಲೆ ಫೋನ್ ನಂಬರುಗಳ ಸಾಲು. ದರ್ಜಿ, ದಲ್ಲಾಳಿ, ದವಾಖಾನೆ. ಅವುಗಳ ಕೆಳಗೆ 'ದೊಡ್ಡವಳು'. ನಂಬರಿನ ಜೊತೆ ವಿಳಾಸವಿತ್ತು: ಬಿ ಬ್ಲಾಕ್, ಐದನೇ ಮಹಡಿ. ಪಕ್ಕದಲ್ಲೊಂದು ಫೋಟೊ. ಫೋಟೊದಲ್ಲಿ ಹಿರಿಯ ಮಗಳು ಸ್ವಲ್ಪ ಮೈ ತುಂಬಿಕೊಂಡಿದ್ದಳು. ಅವಳ ತೊಡೆಯ ಮೇಲೆ ಬಾಯಿತುಂಬ ನಗುವ ಒಂದು ಹುಡುಗಿ. ಹಲ್ಲುಗಳನ್ನು ನೋಡಿಯೇ ಬದುಕು ಸವೆಸಿದ ತಾಯಿಯ ಕಣ್ಣು ನೇರ ಅಲ್ಲಿಗೇ ಹೋಯಿತು. ಮೇಲಿನ ಎರಡು ಹಲ್ಲುಗಳ ನಡುವೆ ಅಕ್ಕಿಕಾಳು ಹಿಡಿಸುವಷ್ಟು ಸಂದು. ಅದು ತನ್ನದೇ ಬಾಯಿ.

ಒಂಬತ್ತು ವರ್ಷಗಳ ಹಿಂದೆ, ಹಿರಿಯವಳು ತಾನು ಮೆಚ್ಚಿದವನನ್ನು ಹೇಳದೆ ಕೇಳದೆ ಮದುವೆಯಾದ ದಿನ, ಗಂಡ ನಡುಮನೆಯಲ್ಲಿ ನಿಂತು ಹೇಳಿದ್ದ: "ಇನ್ಮೇಲೆ ಈ ಮನೇಲಿ ಒಬ್ಬಳೇ ಮಗಳು. ಅವಳ ಜೊತೆ ಮಾತಾಡಿದವರು ನನ್ನ ಪಾಲಿಗೆ ಇಲ್ಲ." ಆಗ ಕಿರಿಯವಳಿಗೆ ಹದಿನಾಲ್ಕು. ತಾಯಿ ಮೂರು ದಿನ ಅತ್ತಳು, ನಾಲ್ಕನೆಯ ದಿನ ಕೆಲಸಕ್ಕೆ ಹೋದಳು. ಅಂದಿನಿಂದ ಅವಳು ಆ ಹೆಸರೆತ್ತಿರಲಿಲ್ಲ.

"ಹಿಂದಿನ ತಿಂಗಳು ತೋರಿಸು" ಎಂದಳು. ಮಗಳು ಒತ್ತಿದಳು. ಎರಡನೇ ಶನಿವಾರ, ನಾಲ್ಕನೇ ಶನಿವಾರ, ನೀಲಿ: 'ಸರ್ವೀಸ್, ಬಿ ಬ್ಲಾಕ್'. ಅದಕ್ಕೂ ಹಿಂದಿನ ತಿಂಗಳು, ಹೋದ ವರ್ಷ, ಅದರ ಹಿಂದಿನ ವರ್ಷ. ಆ ಶನಿವಾರಗಳೆಲ್ಲ ಅವಳಿಗೆ ನೆನಪಿದ್ದವು. ಊಟದ ಡಬ್ಬಿ ಕಟ್ಟಿಕೊಟ್ಟಿದ್ದಳು. ಸಂಜೆ ಅದು ಹಾಗೇ ವಾಪಸ್ ಬಂದಾಗ, ಪಾಪ, ಕೆಲಸದ ಗಡಿಬಿಡಿಯಲ್ಲಿ ತಿನ್ನಲೂ ಪುರುಸೊತ್ತಿಲ್ಲ ಎಂದು ಮರುಗಿದ್ದಳು.

ಬಾಗಿಲು ತೆರೆಯಿತು. ಹೊಸ ಕ್ಷೌರದ ಹುರುಪಿನಲ್ಲಿ ಗಂಡ ಒಳಗೆ ಬಂದ. "ಹತ್ತು ವರ್ಷ ಚಿಕ್ಕವನಾಗಿ ಕಾಣ್ತೀನಂತೆ, ಆ ಕ್ಷೌರದವನು ಹೇಳ್ದ."

"ಚಿನ್ನಿ ಯಾರು?" ಎಂದಳು ಹೆಂಡತಿ.

ಕೊರಳಪಟ್ಟಿಯ ಕೂದಲು ಕೊಡವುತ್ತಿದ್ದ ಅವನ ಕೈ ಅಲ್ಲೇ ನಿಂತಿತು. ಪರದೆಯನ್ನು ನೋಡಿದ, ಮಗಳನ್ನು ನೋಡಿದ. "ಕೂತ್ಕೋ, ಹೇಳ್ತೀನಿ."

"ಕೂತೇ ಇದೀನಿ."

ಹೌದು, ಅವಳು ಕೂತಿದ್ದಳು. ಅವನೇ ಕುರ್ಚಿಗಾಗಿ ತಡಕಾಡಿದ.

"ಲಿಫ್ಟ್ ಮೂರು ನಾಲ್ಕನೇ ಮಹಡಿ ಮಧ್ಯೆ ಸಿಕ್ಕಿಕೊಂಡಿದೆ, ಒಳಗೆ ಬಸುರಿ ಹೆಂಗಸೊಬ್ಬಳೇ ಇದಾಳೆ ಅಂತ ಫೋನ್ ಬಂತು. ಓಡಿದೆ. ಬಾಗಿಲು ಮೀಟಿದೆ. ಕತ್ತಲಲ್ಲಿ ಕೈ ಚಾಚಿದಳು. ಕೈ ಹಿಡಿದ ಮೇಲೇ ನಾನು ಮುಖ ನೋಡಿದ್ದು." ಅವನು ತನ್ನ ಅಂಗೈಯನ್ನೇ ನೋಡುತ್ತಿದ್ದ. "ಬಿಡೋಕಾಗುತ್ತೇನೇ? ನೀನೇ ಹೇಳು."

"ಯಾವಾಗ?"

"ಮಗು ಹುಟ್ಟೋಕೆ ಎರಡು ತಿಂಗಳು ಮುಂಚೆ."

ಅವಳು ಏನನ್ನೋ ಲೆಕ್ಕ ಹಾಕುವಂತೆ ತುಟಿ ಅಲುಗಿಸಿದಳು. ಐದು ವರ್ಷಗಳ ಹಿಂದಿನ ಒಂದು ಸಂಜೆ ಮನೆಯ ಫೋನು ಬಡಿದುಕೊಂಡಿತ್ತು. ಎತ್ತಿದರೆ, "ಅಮ್ಮಾ, ಮುಂದಿನ ತಿಂಗಳು ನಂಗೆ ಹೆರಿಗೆ. ಭಯ ಆಗ್ತಿದೆ." ಅವಳು ಎದುರು ಕೂತಿದ್ದ ಗಂಡನ ಮುಖ ನೋಡಿದ್ದಳು. ಅವನು ಪೇಪರಿನ ಹಾಳೆ ಮಗುಚಿದ್ದ. ಅವಳು ಒಂದು ಮಾತೂ ಆಡದೆ ಫೋನು ಇಟ್ಟಿದ್ದಳು.

"ಅವಳು ಇಲ್ಲಿಗೆ ಫೋನ್ ಮಾಡಿದಾಗ ನಿಮಗೆ ಎಲ್ಲ ಗೊತ್ತಿತ್ತು."

ಅವನು ಕೊರಳಪಟ್ಟಿಯ ಕೂದಲನ್ನು ಮತ್ತೆ ಕೊಡವತೊಡಗಿದ.

"ನಾನು ಇಟ್ಟುಬಿಟ್ಟೆ. ನೀವು ಎದುರಿಗೇ ಇದ್ರಿ. ಪೇಪರ್ ಓದ್ತಿದ್ರಿ."

"ಹೇಗೆ ಹೇಳಲಿ? ಅಷ್ಟು ಗಟ್ಟಿಯಾಗಿ ಕೂಗಾಡಿದವನು ನಾನು. ನಾನೇ ಆ ಮಾತು ಮುರಿದೆ ಅಂದ್ರೆ ನಿನ್ನ ಮುಂದೆ ನನಗೆ ಯಾವ ಮರ್ಯಾದೆ ಉಳೀತಿತ್ತು? ಇವತ್ತು ಹೇಳೋಣ, ನಾಳೆ ಹೇಳೋಣ ಅಂತ..."

"ಅವಳು ನನ್ನ ಕೇಳಲಿಲ್ವಾ?"

"ಕೇಳ್ತಾಳೆ. ಹೋದಾಗಲೆಲ್ಲ ಕೇಳ್ತಾಳೆ."

"ಏನು ಹೇಳ್ತೀರಿ?"

ಅವನು ಕಿಟಕಿಯ ಕಡೆ ತಿರುಗಿದ. ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಸೋಲುತ್ತಿದ್ದರು.

"ಹೇಳಪ್ಪ" ಎಂದಳು ಕಿರಿಯವಳು. ಅವಳ ಕಣ್ಣು ಆಗಲೇ ತುಂಬಿತ್ತು.

"ನಿಮ್ಮಮ್ಮನ ಮನಸ್ಸು ಇನ್ನೂ ಕರಗಿಲ್ಲ ಅಂತ."

ಸ್ವಲ್ಪ ಹೊತ್ತು ಆ ಮಾತಿನ ಅರ್ಥ ತಾಯಿಗೆ ಆಗಲೇ ಇಲ್ಲ. ಯಾರೋ ಬೇರೆ ಹೆಂಗಸಿನ ಸುದ್ದಿ ಎನ್ನುವಂತೆ ಕೇಳಿಸಿಕೊಂಡಳು. ಮಡಿಲಲ್ಲಿದ್ದ ಅವನ ಅಂಗಿಯ ತೋಳನ್ನು ಒಳಗೆ ಮಡಚಿದಳು, ಇನ್ನೊಂದು ತೋಳನ್ನೂ ಮಡಚಿದಳು, ಕಾಲರನ್ನು ಸರಿಮಾಡಿ ರಾಶಿಯ ಮೇಲಿಟ್ಟಳು. ಆಮೇಲೆ ಒಮ್ಮೆಲೇ ಅರ್ಥವಾಯಿತು. ಅಲ್ಲೊಂದು ಮನೆಯಲ್ಲಿ ಒಂದು ಮಗು ತನ್ನ ಹಲ್ಲು ಹೊತ್ತುಕೊಂಡು, ತನ್ನನ್ನು ಕಲ್ಲೆದೆಯವಳೆಂದು ತಿಳಿದುಕೊಂಡು, ಐದು ವರ್ಷದಷ್ಟು ದೊಡ್ಡದಾಗಿತ್ತು.

ಎದ್ದು ತನ್ನ ಫೋನು ತಂದಳು. ಪರದೆ ನೋಡಿಕೊಂಡು ಒಂದೊಂದೇ ಅಂಕಿ ಒತ್ತತೊಡಗಿದಳು.

"ಇರೇ, ಮೊದಲು ನಾನೊಂದು ಮಾತು ಹೇಳ್ತೀನಿ ಅವಳಿಗೆ" ಎಂದು ಗಂಡ ಕೈ ಚಾಚಿದ.

"ಮುಟ್ಟಬೇಡಿ."

ಮೂವತ್ತು ವರ್ಷದ ಸಂಸಾರದಲ್ಲಿ ಆ ದನಿಯನ್ನು ಅವನು ಕೇಳಿರಲಿಲ್ಲ. ಕೈ ಹಿಂದಕ್ಕೆ ಹೋಯಿತು.

ಆ ಕಡೆ ಐದಾರು ಸಲ ರಿಂಗಾಯಿತು. "ಹಲೋ, ಯಾರು?" ಮಗುವಿನ ದನಿ, ಬಾಯಲ್ಲಿ ಏನೋ ಜಗಿಯುತ್ತಿತ್ತು.

ಅವಳು ಬಾಯಿ ತೆರೆದಳು. ನಾನು ಎಂದರೆ ಯಾರು ಎಂದು ಹೇಳಬೇಕು?

"ಹಲೋ? ಹಲೋ?" ಮಗು ಕೂಗಿತು: "ಅಮ್ಮಾ, ಯಾರೋ ಮಾತೇ ಆಡ್ತಿಲ್ಲ. ಬರೀ ಉಸಿರಾಡ್ತಿದಾರೆ."

ಆ ಮನೆಯ ಒಳಗೆಲ್ಲೋ ಸುರಿಯುತ್ತಿದ್ದ ನಲ್ಲಿ ನಿಂತಿತು. ಒದ್ದೆ ಕಾಲಿನ ಹೆಜ್ಜೆಗಳು ಫೋನಿನ ಕಡೆಗೆ ಬರತೊಡಗಿದವು.